ಮೂರು ರೀಡಿಂಗ್, ಒಂದು ಗೆರೆ

ಕೆಲವು ವರ್ಷದ ಹಿಂದೆ ಗೆಳೆಯನೊಬ್ಬ ರಾತ್ರಿ ಹನ್ನೊಂದಕ್ಕೆ ಒಂದು ಎಕ್ಸೆಲ್ ಫೈಲ್ ಕಳಿಸಿದ. ಫೈಲಿನ ಹೆಸರು "3 ವರ್ಷ". ಒಳಗೆ ಮೂರೇ ಮೂರು ಸಂಖ್ಯೆ: 58, 53, 48. ಆರು ತಿಂಗಳಿಗೊಂದರಂತೆ ತೆಗೆದ ಇಜಿಎಫ್‌ಆರ್ ರೀಡಿಂಗ್‌ಗಳು. ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತವನ್ನು ಸೋಸುತ್ತಿದೆ ಎಂಬುದರ ಅಂದಾಜು ಅದು. ಅವನು ಮೂರು ಚುಕ್ಕೆ ಇಟ್ಟು, ಅದರ ಮೇಲೆ ಒಂದು ಗೆರೆ ಎಳೆದು, ಗೆರೆಯನ್ನು 15ರ ತನಕ ಇಳಿಸಿದ್ದ. 15ಕ್ಕಿಂತ ಕೆಳಗೆ ಅಂದರೆ ಕಿಡ್ನಿ ಫೇಲ್ಯೂರ್ ಅನ್ನುವ ಹಂತ. ವರ್ಷಕ್ಕೆ 10 ಇಳಿಯುತ್ತಿದೆ, ಇನ್ನು 33 ಉಳಿದಿದೆ, ಅಂದರೆ ಮೂರು ವರ್ಷ ಚಿಲ್ಲರೆ. ಕೆಳಗೆ ಒಂದು ಸಾಲು ಬರೆದಿದ್ದ: "ಲೆಕ್ಕ ಸರಿ ಇದೆಯಾ ನೋಡು."

ಲೆಕ್ಕ ಸರಿ ಇತ್ತು. ಅದೇ ತೊಂದರೆ.

ನನ್ನ ಕೆಲಸವೇ ಇದು. ದೀರ್ಘಕಾಲದ ಕಾಯಿಲೆಗಳು ಬೇರೆ ಬೇರೆ ಜನರಲ್ಲಿ ಬೇರೆ ಬೇರೆ ವೇಗದಲ್ಲಿ ಹೇಗೆ ಮುಂದುವರಿಯುತ್ತವೆ ಎಂದು ಮಾಡೆಲ್ ಕಟ್ಟುವುದು. ಆದರೂ ಅವತ್ತು ರಾತ್ರಿ ಅವನಿಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. "ಮೂರು ರೀಡಿಂಗ್ ಸಾಲದು" ಅಂತ ಬರೆದೆ. ಅದು ಸುಮ್ನೆ ಸಮಾಧಾನ ಹೇಳಿದ ಹಾಗೆ ಕೇಳಿಸಿತು. ಯಾಕೆ ಸಾಲದು, ಸಾಲದಿದ್ದರೂ ಅದರಿಂದ ಎಷ್ಟು ಗೊತ್ತಾಗುತ್ತದೆ ಅನ್ನೋದನ್ನ ಆಮೇಲೆ ಅವನಿಗೆ ಕೂತು ವಿವರಿಸಿದೆ. ಈ ಪೋಸ್ಟ್ ಅದರದ್ದೇ ಉದ್ದನೆಯ ರೂಪ.

ಮೊದಲು ಒಂದು ಮಾತು. ಜನರ ನಡುವೆ ವ್ಯತ್ಯಾಸ ಇರುವುದು ನಿಜ, ಮತ್ತು ಅದು ಸಣ್ಣದಲ್ಲ. ಎಎಲ್‌ಎಸ್ ಅನ್ನುವ ನರಗಳ ಕಾಯಿಲೆ ತೆಗೆದುಕೊಳ್ಳಿ. ಬೇಸ್‌ಬಾಲ್ ಆಟಗಾರ ಲೂ ಗೆಹ್ರಿಗ್‌ಗೆ ಅದು ಗೊತ್ತಾಗಿದ್ದು 1939ರಲ್ಲಿ, ತೀರಿಕೊಂಡಿದ್ದು 1941ರಲ್ಲಿ. ಸ್ಟೀಫನ್ ಹಾಕಿಂಗ್‌ಗೆ ಗೊತ್ತಾಗಿದ್ದು 1963ರಲ್ಲಿ, 21ನೇ ವಯಸ್ಸಿಗೆ. ಎರಡು ವರ್ಷ ಅಂದಿದ್ದರು, ಅವರು ಬದುಕಿದ್ದು 2018ರ ತನಕ. ಒಂದೇ ಹೆಸರಿನ ಕಾಯಿಲೆ. ಒಬ್ಬರಿಗೆ ಎರಡು ವರ್ಷ, ಇನ್ನೊಬ್ಬರಿಗೆ ಐವತ್ತೈದು. ಇವರಿಬ್ಬರ ಸರಾಸರಿ ತೆಗೆದರೆ ಬರುವ ಸಂಖ್ಯೆ ಇಬ್ಬರಲ್ಲಿ ಯಾರಿಗೂ ಉಪಯೋಗವಿಲ್ಲ.

ಹಾಗಾದರೆ ಪ್ರತಿಯೊಬ್ಬರಿಗೂ ಅವರದೇ ಗೆರೆ ಎಳೆದುಬಿಟ್ಟರೆ ಆಯ್ತಲ್ಲ? ನನ್ನ ಗೆಳೆಯ ಮಾಡಿದ್ದು ಅದನ್ನೇ. ಅಲ್ಲೇ ಇರೋದು ತಕರಾರು. ನಮ್ಮ ಕಣ್ಣಿಗೆ ಕಾಣುವ ವ್ಯತ್ಯಾಸದಲ್ಲಿ ಒಂದು ದೊಡ್ಡ ಪಾಲು ಕಾಯಿಲೆಯದ್ದೇ ಅಲ್ಲ. ಅಳತೆಯದ್ದು.

ಇಜಿಎಫ್‌ಆರ್ ಅನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ನೋಡುತ್ತಾರೆ, ಅದಕ್ಕೆ ವಯಸ್ಸು, ಲಿಂಗ ಸೇರಿಸಿ ಸೂತ್ರಕ್ಕೆ ಹಾಕುತ್ತಾರೆ. ಕ್ರಿಯಾಟಿನಿನ್ ಬರುವುದು ಸ್ನಾಯುಗಳಿಂದ. ಅದು ಏರಿದಷ್ಟೂ ಇಜಿಎಫ್‌ಆರ್ ಇಳಿಯುತ್ತದೆ. ಪರೀಕ್ಷೆಗೆ ಕೆಲವು ಗಂಟೆ ಮೊದಲು ಬೇಯಿಸಿದ ಮಾಂಸ ತಿಂದಿದ್ದರೆ ಕ್ರಿಯಾಟಿನಿನ್ ಏರುತ್ತದೆ, ದೇಹದಲ್ಲಿ ನೀರು ಕಡಿಮೆ ಆಗಿದ್ದರೆ ಏರುತ್ತದೆ, ಲ್ಯಾಬ್ ಬದಲಾದರೆ ಸ್ವಲ್ಪ ಆಚೀಚೆ ಆಗುತ್ತದೆ. ಕಿಡ್ನಿ ಇದ್ದ ಹಾಗೇ ಇದ್ದರೂ ರೀಡಿಂಗ್ ಮೂರೋ ನಾಲ್ಕೋ ಅಂಕ ಕುಣಿಯುವುದು ಏನೂ ವಿಶೇಷ ಅಲ್ಲ.

ಈಗ ಗೆಳೆಯನಿಗೆ ತೋರಿಸಿದ ಲೆಕ್ಕವನ್ನೇ ಇಲ್ಲೂ ಮಾಡೋಣ. ಸಂಖ್ಯೆಗಳು ಉದಾಹರಣೆಗೆ ನಾನು ಇಟ್ಟುಕೊಂಡವು, ಆದರೆ ಊಹೆಗೆ ಮೀರಿದವಲ್ಲ. ಅವನಂಥ ರೋಗಿಗಳ ದೊಡ್ಡ ಗುಂಪಿನಲ್ಲಿ ಸರಾಸರಿ ಇಳಿಕೆ ವರ್ಷಕ್ಕೆ 3 ಅಂತಿಟ್ಟುಕೊಳ್ಳಿ. ಜನರಿಂದ ಜನರಿಗೆ ಆ ವೇಗ ಹರಡಿಕೊಂಡಿರುವುದು 2ರಷ್ಟು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್ 2. ಒಂದೊಂದು ರೀಡಿಂಗ್‌ನ ಕುಣಿತ 4. ಒಂದು ವರ್ಷದಲ್ಲಿ ಆರು ತಿಂಗಳಿಗೊಮ್ಮೆ ತೆಗೆದ ಮೂರು ರೀಡಿಂಗ್‌ನಿಂದ ಇಳಿಕೆಯ ವೇಗ ಲೆಕ್ಕ ಹಾಕಿದರೆ, ಆ ವೇಗದಲ್ಲಿರುವ ತಪ್ಪಿನ ಅಳತೆ ಸುಮಾರು 5.7. ನೋಡಿ, ಜನರ ನಡುವಿನ ನಿಜವಾದ ವ್ಯತ್ಯಾಸವೇ 2, ನಾವು ಅದನ್ನು ಅಳೆಯಲು ಹಿಡಿದಿರುವ ಕೋಲಿನ ತಪ್ಪು 5.7. ಇಂಥ ಕೋಲಿನಲ್ಲಿ ಅಳೆದು ಒಬ್ಬನನ್ನು "ಫಾಸ್ಟ್ ಪ್ರೊಗ್ರೆಸರ್", ಅಂದರೆ ಕಾಯಿಲೆ ಬೇಗ ಮುಂದುವರಿಯುವವನು, ಅಂತ ಕರೆದರೆ ಅದು ಅವನ ಬಗ್ಗೆ ಹೇಳಿದ್ದಕ್ಕಿಂತ ಕೋಲಿನ ಬಗ್ಗೆ ಹೇಳಿದ್ದೇ ಜಾಸ್ತಿ.

ಹಾಗಂತ ಅವನ ಮೂರು ರೀಡಿಂಗ್ ಎಸೆಯಬೇಕಿಲ್ಲ. ಎಷ್ಟು ನಂಬಬಹುದೋ ಅಷ್ಟು ನಂಬಬೇಕು. ನಿಜವಾದ ಹರಡುವಿಕೆಯ ವರ್ಗ, ಅಂದರೆ ಎರಡೆರಡ್ಲ, 4. ತಪ್ಪಿನ ವರ್ಗ 32. ಎರಡೂ ಸೇರಿ 36. 36ರಲ್ಲಿ 4 ಅಂದರೆ ಒಂಬತ್ತನೇ ಒಂದು ಪಾಲು. ಅಷ್ಟೇ ನಂಬಿಕೆ. ಅವನ 10 ಗುಂಪಿನ 3ಕ್ಕಿಂತ 7 ಜಾಸ್ತಿ ಇದೆ. ಆ ಏಳರ ಒಂಬತ್ತನೇ ಒಂದು ಪಾಲನ್ನು ಮಾತ್ರ 3ಕ್ಕೆ ಸೇರಿಸಿದರೆ ಸುಮಾರು 3.8 ಬರುತ್ತದೆ. ಅಂದರೆ ಅವನ ವೇಗದ ಬಗ್ಗೆ ಈಗ ಹೇಳಬಹುದಾದ ಒಳ್ಳೆಯ ಊಹೆ ವರ್ಷಕ್ಕೆ 3.8. ಅದರ ಸುತ್ತ ಅಗಲವಾದ ಪಟ್ಟಿ: ಹೆಚ್ಚುಕಡಿಮೆ ಇಳಿಯದೇ ನಿಲ್ಲುವುದರಿಂದ ಹಿಡಿದು ವರ್ಷಕ್ಕೆ 7.5 ಇಳಿಯುವ ತನಕ.

ಅದೇ ನಾಲ್ಕು ವರ್ಷದಲ್ಲಿ ಒಂಬತ್ತು ರೀಡಿಂಗ್ ಇದ್ದು, ಆಗಲೂ ಇಳಿಕೆ ವರ್ಷಕ್ಕೆ 10 ಅಂತಲೇ ಬಂದಿದ್ದರೆ? ತಪ್ಪಿನ ಅಳತೆ 1ರ ಹತ್ತಿರಕ್ಕೆ ಇಳಿಯುತ್ತದೆ, ನಂಬಿಕೆಯ ಪಾಲು ನೂರಕ್ಕೆ ಎಪ್ಪತ್ತೊಂಬತ್ತಕ್ಕೆ ಏರುತ್ತದೆ, ಊಹೆ 8.5ಕ್ಕೆ ಹೋಗುತ್ತದೆ. ಆಗ ಮಾತೇ ಬೇರೆ. ಆಗ ಅವನು ನಿಜವಾಗಿ ವೇಗವಾಗಿ ಇಳಿಯುತ್ತಿದ್ದಾನೆ ಅಂತ ನಾನೂ ಹೇಳುತ್ತೇನೆ.

ಹೀಗೆ ಒಬ್ಬನ ಅಂದಾಜನ್ನು ಗುಂಪಿನ ಕಡೆಗೆ ಎಳೆಯುವುದಕ್ಕೆ ಶ್ರಿಂಕೇಜ್ ಅಂತಾರೆ. ಇದನ್ನು ಮಾಡುವ ಯಂತ್ರದ ಹೆಸರು ಮಿಕ್ಸ್ಡ್ ಎಫೆಕ್ಟ್ಸ್ ಮಾಡೆಲ್. ಗುಂಪಿಗೆ ಒಂದು ಗೆರೆ, ಪ್ರತಿಯೊಬ್ಬರಿಗೂ ಆ ಗೆರೆಯಿಂದ ಅವರದೇ ಆದ ವ್ಯತ್ಯಾಸ. ವೈದ್ಯಕೀಯ ಡೇಟಾದಲ್ಲಿ ಇದು ಮನೆಮಾತಾಗಿದ್ದು ನ್ಯಾನ್ ಲೈರ್ಡ್ ಮತ್ತು ಜೇಮ್ಸ್ ವೇರ್ 1982ರಲ್ಲಿ ಬರೆದ ಲೇಖನದ ನಂತರ. ಆದರೆ ಬೇರು ಇರುವುದು ಆಸ್ಪತ್ರೆಯಲ್ಲಲ್ಲ, ಕೊಟ್ಟಿಗೆಯಲ್ಲಿ. ಅಮೆರಿಕದ ಚಾರ್ಲ್ಸ್ ಹೆಂಡರ್ಸನ್ ಎಂಬವರಿಗೆ ಹೋರಿಗಳನ್ನು ಆರಿಸಬೇಕಿತ್ತು, ಹಾಲಿನ ತಳಿಗಾಗಿ. ಹೋರಿ ಹಾಲು ಕೊಡಲ್ಲ ನೋಡಿ. ಅದರ ಹೆಣ್ಣು ಕರುಗಳು ಬೆಳೆದು ಎಷ್ಟು ಕರೆಯುತ್ತವೆ ಎಂದು ನೋಡಿ ಹೋರಿಯ ಬೆಲೆ ಕಟ್ಟಬೇಕು. ಒಂದು ಹೋರಿಗೆ ಇನ್ನೂರು ಹೆಣ್ಣು ಮಕ್ಕಳು, ಇನ್ನೊಂದಕ್ಕೆ ಮೂರು. ಆ ಮೂರರ ಸರಾಸರಿ ಭರ್ಜರಿಯಾಗಿದ್ದರೆ ಹೋರಿ ಭರ್ಜರಿ ಅಂತ ಅರ್ಥವಾ? ಅಲ್ಲ, ಅದೃಷ್ಟವೂ ಇರಬಹುದು. ಹಾಗಾಗಿ ಮೂರು ಮಕ್ಕಳ ಹೋರಿಯನ್ನು ಸರಾಸರಿಯ ಕಡೆಗೆ ಜೋರಾಗಿ ಎಳೆದರು, ಇನ್ನೂರರ ಹೋರಿಯನ್ನು ಅದರ ಪಾಡಿಗೆ ಬಿಟ್ಟರು. ಮೂರು ರೀಡಿಂಗ್‌ನ ನನ್ನ ಗೆಳೆಯ ಮೂರು ಮಕ್ಕಳ ಹೋರಿ. ಅವನಿಗೆ ಹಾಗೇ ಹೇಳಿದೆ, ಬೈದ.

ಇದಕ್ಕೇ ಅಂಟಿಕೊಂಡ ಇನ್ನೊಂದು ವಿಷಯ. ಕಳೆದ ವರ್ಷ ತುಂಬಾ ಇಳಿದವರನ್ನೇ ಆರಿಸಿ ಒಂದು ಔಷಧಿಯ ಪ್ರಯೋಗಕ್ಕೆ ಸೇರಿಸಿದರೆ, ಮುಂದಿನ ವರ್ಷ ಅವರ ಇಳಿಕೆ ಕಡಿಮೆ ಆಗಿಯೇ ಆಗುತ್ತದೆ. ಔಷಧಿ ಕೊಟ್ಟರೂ, ಕೊಡದಿದ್ದರೂ. ಏಕೆಂದರೆ ಆರಿಸುವಾಗ ನಿಜವಾಗಿ ವೇಗವಾಗಿ ಇಳಿಯುವವರ ಜೊತೆಗೆ ಕೆಟ್ಟ ರೀಡಿಂಗ್ ಬಂದವರೂ ಬಂದುಬಿಟ್ಟರು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ಹೆತ್ತವರು–ಮಕ್ಕಳ ಎತ್ತರದಲ್ಲಿ ಇದನ್ನು ತೋರಿಸಿದ್ದರು. ಕಂಟ್ರೋಲ್ ಗುಂಪು (ಆ ಚಿಕಿತ್ಸೆ ಕೊಡದೆ ಹೋಲಿಕೆಗೆ ಇಟ್ಟವರು) ಇಲ್ಲದ "ನಮ್ಮ ಚಿಕಿತ್ಸೆ ಶುರುವಾದ ಮೇಲೆ ಇಳಿಕೆ ನಿಂತಿತು" ಕಥೆಗಳನ್ನು ಕೇಳಿದಾಗ ನನಗೆ ಮೊದಲು ನೆನಪಾಗುವುದು ಇದು.

ವೇಗದ ಬಗ್ಗೆ ಇಷ್ಟು ಹೇಳಿದೆ. ಆದರೆ ಜನ ಬೇರೆಯಾಗುವುದು ವೇಗದಲ್ಲಿ ಮಾತ್ರ ಅಲ್ಲ, ಎಲ್ಲಿಂದ ಶುರು ಮಾಡಿದರು ಅನ್ನೋದರಲ್ಲೂ. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಶ್ವಾಸಕೋಶದ್ದು. ಸಿಒಪಿಡಿ ಅಂದರೆ ಉಸಿರಾಟದ ಸಾಮರ್ಥ್ಯ ಬೇಗ ಬೇಗ ಕುಸಿಯುವ ಕಾಯಿಲೆ ಅಂತ ಬಹಳ ಕಾಲ ನಂಬಿದ್ದರು. ಲಂಡನ್ನಿನ ಕೆಲಸಗಾರ ಗಂಡಸರನ್ನು ಎಂಟು ವರ್ಷ ಹಿಂಬಾಲಿಸಿ ಫ್ಲೆಚರ್ ಮತ್ತು ಪೀಟೊ 1977ರಲ್ಲಿ ಕೊಟ್ಟ ಚಿತ್ರ ಅದು: ಕೆಲವು ಸಿಗರೇಟು ಸೇದುವವರ ಗೆರೆ ಉಳಿದವರಿಗಿಂತ ಕಡಿದಾಗಿ ಕೆಳಗೆ ಬರುತ್ತದೆ. ತಪ್ಪೇನಲ್ಲ. ಆದರೆ 2015ರಲ್ಲಿ ಪೀಟರ್ ಲಾಂಗೆ ಮತ್ತು ಸಂಗಡಿಗರು ಹತ್ತಾರು ವರ್ಷಗಳ ಡೇಟಾ ಇಟ್ಟುಕೊಂಡು ನೋಡಿದಾಗ, ಕೊನೆಗೆ ಸಿಒಪಿಡಿ ಬಂದವರಲ್ಲಿ ಸುಮಾರು ಅರ್ಧದಷ್ಟು ಜನ ಕಡಿದಾಗಿ ಇಳಿದವರೇ ಅಲ್ಲ. ಅವರ ಶ್ವಾಸಕೋಶ ನಲವತ್ತರ ಒಳಗೇ ಕಡಿಮೆ ಮಟ್ಟದಲ್ಲಿತ್ತು. ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಲೆಕ್ಕದಲ್ಲಿ, ಅಲ್ಲಿಂದ ಅವರು ವರ್ಷಕ್ಕೆ ಸರಾಸರಿ 27 ಮಿಲಿಲೀಟರ್ ಇಳಿದರು. ಉಳಿದ ಅರ್ಧ ಜನ ಸರಿಯಾದ ಮಟ್ಟದಿಂದ ಶುರು ಮಾಡಿ ವರ್ಷಕ್ಕೆ 53 ಇಳಿದರು. ಕ್ಲಿನಿಕ್ಕಿನಲ್ಲಿ ಅರವತ್ತರ ವಯಸ್ಸಿಗೆ ಇಬ್ಬರೂ ಒಂದೇ ಸಂಖ್ಯೆ ಹಿಡಿದು ಅಕ್ಕಪಕ್ಕ ಕೂತಿರುತ್ತಾರೆ. ಒಬ್ಬರು ಎತ್ತರದಿಂದ ಜಾರಿ ಬಂದವರು, ಇನ್ನೊಬ್ಬರು ಎತ್ತರಕ್ಕೆ ಏರಿದ್ದೇ ಇಲ್ಲ. ಇಳಿಕೆ ನಿಲ್ಲಿಸುವ ಔಷಧಿ ಎರಡನೆಯವರಿಗೆ ಎಷ್ಟರ ಮಟ್ಟಿಗೆ ಉಪಯೋಗ, ಯೋಚಿಸಿ.

ಮೂರನೆಯದು ಗಡಿಯಾರ. ಇದು ಎಲ್ಲಕ್ಕಿಂತ ಕಷ್ಟ. ನಮ್ಮ ಡೇಟಾದಲ್ಲಿ ಸೊನ್ನೆ ದಿನ ಅಂದರೆ ರೋಗಿ ಮೊದಲ ಸಲ ಬಂದ ದಿನ. ಕಾಯಿಲೆಯ ಸೊನ್ನೆ ದಿನ ಅದಲ್ಲವಲ್ಲ. ಆಲ್ಝೈಮರ್ಸ್‌ನಲ್ಲಂತೂ ಮರೆವು ಕಾಣಿಸುವ 15–20 ವರ್ಷ ಮೊದಲೇ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಸೇರಲು ಶುರುವಾಗಿರುತ್ತದೆ. ಅಷ್ಟು ವರ್ಷ ಯಾರನ್ನು ಹಿಂಬಾಲಿಸುತ್ತೀರಿ? ಸಿಗುವುದು ಒಬ್ಬೊಬ್ಬರಿಂದ ಎರಡು ಮೂರು ವರ್ಷದ ತುಂಡು. ಉದ್ದನೆಯ ಹಗ್ಗವನ್ನು ಕತ್ತರಿಸಿ ತುಂಡುಗಳನ್ನು ಕಲಸಿಟ್ಟ ಹಾಗೆ. ಎಲ್ಲ ತುಂಡುಗಳ ತುದಿಯನ್ನೂ ಒಂದೇ ಕಡೆ ಜೋಡಿಸಿ ಸರಾಸರಿ ತೆಗೆದರೆ ಅರ್ಥವಿಲ್ಲದ ಗೆರೆ ಬರುತ್ತದೆ. ಬದಲಿಗೆ ತುಂಡುಗಳನ್ನು ಎಡಕ್ಕೆ ಬಲಕ್ಕೆ ಸರಿಸುತ್ತಾ, ಒಂದರ ಬಾಲ ಇನ್ನೊಂದರ ತಲೆಗೆ ಸೇರುವ ಹಾಗೆ ಜೋಡಿಸಬೇಕು. ಯಾರು ಎಷ್ಟು ಸರಿದರು ಅನ್ನೋದೇ ಅವರ ಕಾಯಿಲೆಯ ವಯಸ್ಸು. 2004ರಲ್ಲಿ ಶುರುವಾದ ಆಡ್ನಿ ಎಂಬ ದೊಡ್ಡ ಆಲ್ಝೈಮರ್ಸ್ ಅಧ್ಯಯನದ ಡೇಟಾ ಎಲ್ಲರಿಗೂ ಸಿಗುವಂತಾದ ಮೇಲೆ ಇಂಥ ಮಾಡೆಲ್‌ಗಳು ಒಂದರ ಹಿಂದೊಂದು ಬಂದವು.

ಕೇಳಲು ಚೆಂದ. ಆದರೆ ಕೂತು ಮಾಡಿದವರಿಗೆ ಗೊತ್ತು, ನಿಧಾನವಾಗಿ ಸಾಗುತ್ತಿರುವವರು ಮತ್ತು ತಡವಾಗಿ ಶುರುವಾದವರು ಒಂದೇ ರೀಡಿಂಗ್‌ನಲ್ಲಿ ಥೇಟ್ ಒಂದೇ ಥರ ಕಾಣುತ್ತಾರೆ. ಕೆಲವು ಸಲ ಮಾಡೆಲ್ಲೂ ಅವರನ್ನು ಬೇರೆ ಮಾಡಲಾಗದೆ, ಒಂದೊಂದು ಸಲ ಓಡಿಸಿದಾಗ ಒಂದೊಂದು ಉತ್ತರ ಕೊಡುತ್ತದೆ. ಶುರುವಾಗಿದ್ದು ಯಾವಾಗ ಅಂತ ಸುಮಾರಾಗಿ ಗೊತ್ತಿದ್ದರೂ ದೊಡ್ಡ ಸಹಾಯ. ಎಎಲ್‌ಎಸ್‌ನಲ್ಲಿ 48 ಅಂಕದ ಒಂದು ಅಳತೆಪಟ್ಟಿ ಇದೆ, ಏನೂ ತೊಂದರೆ ಇಲ್ಲದಿದ್ದರೆ ಪೂರ್ತಿ 48. 48ರಿಂದ ಈಗಿನ ಅಂಕ ಕಳೆದು, ಲಕ್ಷಣ ಶುರುವಾಗಿ ಎಷ್ಟು ತಿಂಗಳಾಯಿತೋ ಅದರಿಂದ ಭಾಗಿಸುತ್ತಾರೆ, ಅಷ್ಟೇ. ಒಂದೇ ಭೇಟಿಯಲ್ಲಿ ವೇಗ ಸಿಕ್ಕಿತು! ಒರಟು ಲೆಕ್ಕ, ನಿಜ. ಆದರೂ ಈ ಸಂಖ್ಯೆ ಮುಂದಿನ ದಾರಿಯ ಬಗ್ಗೆ ಗಟ್ಟಿಯಾದ ಸುಳಿವು ಕೊಡುತ್ತದೆ. "ಯಾವಾಗಿನಿಂದ ಹೀಗಾಗ್ತಿದೆ?" ಅಂತ ಡಾಕ್ಟರು ಕೇಳುವ ಮಾಮೂಲಿ ಪ್ರಶ್ನೆಯೊಳಗೆ ಇಷ್ಟು ಮಾಹಿತಿ ಕೂತಿದೆ.

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸತು. ಕಿಡ್ನಿ ರೋಗಿಗಳ ಡೇಟಾ ಕೊಟ್ಟಿದ್ದರು. ವರ್ಷವರ್ಷದ ಸರಾಸರಿ ತೆಗೆದು ಗ್ರಾಫ್ ಹಾಕಿದೆ. ಮೊದಲ ಮೂರು ವರ್ಷ ಇಳಿಯಿತು, ಆಮೇಲೆ ಸಮವಾಯಿತು, ಐದನೇ ವರ್ಷದಿಂದ ಮೆಲ್ಲಗೆ ಏರತೊಡಗಿತು. ನಾನು ಖುಷಿಯಾಗಿ ಮೀಟಿಂಗ್‌ನಲ್ಲಿ ತೋರಿಸಿದೆ; ಕಿಡ್ನಿ ಒಂದು ಹಂತದ ನಂತರ ಚೇತರಿಸಿಕೊಳ್ಳುತ್ತಿರಬಹುದು ಅಂತ ಒಂದು ಥಿಯರಿಯನ್ನೂ ಹೇಳಿಬಿಟ್ಟೆ. ಮೂಲೆಯಲ್ಲಿದ್ದ ವಯಸ್ಸಾದ ಡಾಕ್ಟರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಐದನೇ ವರ್ಷ ನಿಮ್ಮ ಗ್ರಾಫ್‌ನಲ್ಲಿ ಯಾರು ಉಳಿದಿದ್ದಾರೆ?"

ಕೆಟ್ಟದಾಗಿ ಇಳಿದವರೆಲ್ಲ ಡಯಾಲಿಸಿಸ್‌ಗೆ ಹೋಗಿದ್ದರು, ಕೆಲವರು ತೀರಿಕೊಂಡಿದ್ದರು. ಗ್ರಾಫ್‌ನಲ್ಲಿ ಉಳಿದವರು ಗಟ್ಟಿಗರು. ಯಾರ ಕಿಡ್ನಿಯೂ ಚೇತರಿಸಿರಲಿಲ್ಲ. ಒಬ್ಬೊಬ್ಬರ ಗೆರೆ ನೋಡಿದ್ದರೆ ಹೆಚ್ಚಿನವು ಇಳಿಯುತ್ತಲೇ ಇದ್ದವು, ಸರಾಸರಿ ಮಾತ್ರ ಏರುತ್ತಿತ್ತು. ಅವತ್ತಿನಿಂದ ಯಾವ ಸರಾಸರಿ ಗೆರೆ ನೋಡಿದರೂ ಕೆಳಗೆ ಎಷ್ಟು ಜನ ಉಳಿದಿದ್ದಾರೆ ಅನ್ನೋ ಸಾಲನ್ನು ಮೊದಲು ಹುಡುಕುತ್ತೇನೆ. ಸಾಲೇ ಇಲ್ಲದಿದ್ದರೆ ಆ ಗ್ರಾಫ್ ನನಗೆ ಬೇಡ.

ಮಿಕ್ಸ್ಡ್ ಮಾಡೆಲ್ ಇದನ್ನು ಸ್ವಲ್ಪ ಮಟ್ಟಿಗೆ ತಾನೇ ಸರಿಮಾಡುತ್ತದೆ. ಬಿಟ್ಟು ಹೋದವರ ಹಳೆಯ ರೀಡಿಂಗ್‌ಗಳು ಅವರು ಎತ್ತ ಹೊರಟಿದ್ದರು ಅನ್ನೋದನ್ನು ಹೇಳುತ್ತಿದ್ದರೆ ಅದು ಸಾಕು. ಆದರೆ ಕೊನೆಯ ರೀಡಿಂಗ್ ಆದ ಮೇಲೆ ದಿಢೀರನೆ ಕುಸಿದು ಹೋದವರ ವಿಷಯ ರೀಡಿಂಗ್‌ನಲ್ಲಿ ಇರುವುದೇ ಇಲ್ಲ. ಅದಕ್ಕೆ ಜಾಯಿಂಟ್ ಮಾಡೆಲ್ ಬೇಕು: ರೀಡಿಂಗ್ ಇಳಿಯುವುದು ಮತ್ತು ರೋಗಿ ಹೊರಗೆ ಹೋಗುವುದು ಎರಡನ್ನೂ ಒಂದೇ ಕಥೆಯ ಎರಡು ಭಾಗ ಅಂತ ನೋಡುವುದು. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ ರೆಡಿ ಪ್ಯಾಕೇಜ್‌ಗಳಿವೆ. ದೊಡ್ಡ ಡೇಟಾ ಹಾಕಿದರೆ ಕಂಪ್ಯೂಟರ್ ರಾತ್ರಿಯಿಡೀ ಉಬ್ಬಸ ಪಡುತ್ತದೆ, ಇರಲಿ.

ಇನ್ನು ಗುಂಪು ಮಾಡುವ ಹುಚ್ಚು. ರೋಗಿಗಳನ್ನು ಮೂರು ಥರ, ಐದು ಥರ ಅಂತ ವಿಂಗಡಿಸುವುದು. ಡಾಕ್ಟರುಗಳಿಗೆ ಇದು ಬಹಳ ಇಷ್ಟ, ಹೆಸರಿಟ್ಟರೆ ಕೈಗೆ ಸಿಕ್ಕ ಹಾಗೆ. 2018ರಲ್ಲಿ ಸ್ವೀಡನ್ನಿನ ಡೇಟಾ ಇಟ್ಟುಕೊಂಡು ವಯಸ್ಕರ ಮಧುಮೇಹವನ್ನು ಐದು ಗುಂಪು ಮಾಡಿದ ಅಧ್ಯಯನ ಬಂತು, ದೊಡ್ಡ ಸುದ್ದಿಯಾಯಿತು. ಮರುವರ್ಷವೇ ಜಾನ್ ಡೆನಿಸ್ ಮತ್ತು ಸಂಗಡಿಗರು ಬೇರೆ ಡೇಟಾದಲ್ಲಿ ನೋಡಿ, ಆ ಗುಂಪುಗಳು ಮತ್ತೆ ಸಿಗುತ್ತವೆ ನಿಜ, ಆದರೆ ಗುಂಪಿನ ಹೆಸರು ಬಿಟ್ಟು ರೋಗಿಯ ವಯಸ್ಸು, ಕಿಡ್ನಿಯ ಸ್ಥಿತಿಯಂಥ ಸಾದಾ ಅಳತೆಗಳನ್ನೇ ನೇರವಾಗಿ ಬಳಸಿದರೆ ಮುಂದಿನದನ್ನು ಅಷ್ಟೇ ಚೆನ್ನಾಗಿ, ಇಲ್ಲವೇ ಇನ್ನೂ ಚೆನ್ನಾಗಿ ಹೇಳಬಹುದು ಅಂತ ತೋರಿಸಿದರು. ನನ್ನ ಒಲವು ಡೆನಿಸ್ ಕಡೆಗೆ. ಗುಂಪು ಹುಡುಕುವ ಮಾಡೆಲ್‌ಗೆ ಡೇಟಾ ಕೊಟ್ಟರೆ ಅದು ಗುಂಪು ಹುಡುಕಿಯೇ ಕೊಡುತ್ತದೆ, ಗುಂಪು ಇಲ್ಲದಿದ್ದರೂ. ಹರಡುವಿಕೆ ಒಂದು ಕಡೆಗೆ ವಾಲಿದ್ದರೆ ಸಾಕು, ಒಂದೇ ರಾಶಿಯನ್ನು ಎರಡು ಗುಂಪು ಅಂತ ಕತ್ತರಿಸಿ ಕೊಡುತ್ತದೆ; ಬಾವರ್ ಮತ್ತು ಕರನ್ 2003ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದಾರೆ. ಎತ್ತರದವರು, ಕುಳ್ಳರು ಅಂತ ಎರಡು ಜಾತಿಯ ಮನುಷ್ಯರಿಲ್ಲ ಅಲ್ವಾ, ಹಾಗೆ.

ಗೆರೆ ಅಂತ ಇಷ್ಟು ಹೊತ್ತು ಹೇಳಿದೆ, ಅದೂ ಪೂರ್ತಿ ನಿಜವಲ್ಲ. ಅಮೆರಿಕದ ಆಸ್ಕ್ ಅಧ್ಯಯನದ 846 ಕಿಡ್ನಿ ರೋಗಿಗಳ ದಾರಿಯನ್ನು ಒಬ್ಬೊಬ್ಬರದಾಗಿ ನೋಡಿದ 2012ರ ಲೇಖನವೊಂದಿದೆ. ನೂರಕ್ಕೆ ನಲವತ್ತರಷ್ಟು ಜನರ ದಾರಿ ಬಹುತೇಕ ಖಚಿತವಾಗಿ ಒಂದೋ ನೇರ ಅಲ್ಲ, ಇಲ್ಲವೇ ಬಹಳ ಕಾಲ ಇಳಿಯದೇ ನಿಂತಿದ್ದು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಸರಾಸರಿ ಅಂದರೆ ದೂರದ ಬೆಟ್ಟ. ಒಬ್ಬರು ಎರಡನೇ ವರ್ಷ ದೊಪ್ಪನೆ ಬಿದ್ದರು, ಇನ್ನೊಬ್ಬರು ಐದನೇ ವರ್ಷ, ಮತ್ತೊಬ್ಬರು ಒಂಬತ್ತನೇ ವರ್ಷ. ಎಲ್ಲರನ್ನೂ ಸೇರಿಸಿದರೆ ನುಣುಪಾದ ಇಳಿಜಾರು ಕಾಣುತ್ತದೆ, ಆ ಇಳಿಜಾರಿನಲ್ಲಿ ನಡೆದವರು ಒಬ್ಬರೂ ಇಲ್ಲ. ಇದಕ್ಕೆ ಬಾಗುವ ಗೆರೆ, ಮುರಿಯುವ ಗೆರೆಗಳ ಮಾಡೆಲ್ ಇವೆ, ಆದರೆ ಅವಕ್ಕೆ ಹೊಟ್ಟೆ ತುಂಬ ಡೇಟಾ ಬೇಕು. ಮೂರು ರೀಡಿಂಗ್ ಕೊಟ್ಟು ಎಲ್ಲಿ ಬಾಗುತ್ತದೆ ಹೇಳು ಅಂದರೆ ಹೇಳಲ್ಲ.

ಗೆಳೆಯನ ವಿಷಯಕ್ಕೆ ಬರೋಣ. ಅವನಿಗೆ ನಾನು ಕೊನೆಗೆ ಕಳಿಸಿದ್ದು ಬೀಸಣಿಗೆಯಂತೆ ಅಗಲವಾಗುತ್ತಾ ಹೋಗುವ ಒಂದು ಪಟ್ಟಿ. ಅವನಿಗೆ ಹಿಡಿಸಲಿಲ್ಲ. "ಇದರಲ್ಲಿ ಎಲ್ಲಾ ಇದೆ, ಅಂದರೆ ಏನೂ ಇಲ್ಲ" ಅಂದ. ಅವನ ಮಾತಿನಲ್ಲೂ ನ್ಯಾಯ ಇತ್ತು. ಅಗಲವಾದ ಪಟ್ಟಿ ಕೈಯಲ್ಲಿಟ್ಟುಕೊಂಡು ಮನೆ ಸಾಲದ ಬಗ್ಗೆ, ಮಗಳ ಓದಿನ ಬಗ್ಗೆ ತೀರ್ಮಾನ ಮಾಡುವುದು ಸುಲಭ ಅಲ್ಲ. ಒಂದು ಸಂಖ್ಯೆ, ಅದು ಕೆಟ್ಟದಾದರೂ, ಹಿಡಿದುಕೊಳ್ಳಲು ಆಗುತ್ತದೆ. ಆದರೂ ಆ "3 ವರ್ಷ"ವನ್ನು ಅವನ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಚಿಕಿತ್ಸೆ, ಬಿಪಿ ಎಲ್ಲ ಅವನ ಡಾಕ್ಟರು ನೋಡಿಕೊಂಡರು. ಆರು ತಿಂಗಳಿಗೊಮ್ಮೆ ರೀಡಿಂಗ್ ಬಂದಾಗ ಅವನು ಕಳಿಸುತ್ತಾನೆ, ನಾನು ಮಾಡೆಲ್ ಮತ್ತೆ ಓಡಿಸುತ್ತೇನೆ.

ಈಗ ನಾಲ್ಕು ವರ್ಷ ಆಯಿತು, ಒಂಬತ್ತು ರೀಡಿಂಗ್ ಇವೆ: 58, 53, 48, 51, 47, 49, 46, 47, 44. ಇಳಿಕೆ ವರ್ಷಕ್ಕೆ 2.7ರ ಹತ್ತಿರ, ಪಟ್ಟಿ ಸುಮಾರು 1ರಿಂದ 4.6ರ ತನಕ. ಇದು ನನ್ನ ಜಾಣತನ ಅಲ್ಲ. ಅವನು ನಿಜವಾಗಿ ವೇಗವಾಗಿ ಇಳಿಯುವವನೇ ಆಗಿದ್ದರೂ ಮೊದಲ ಮೂರು ರೀಡಿಂಗ್ ಅಷ್ಟೇ ಇರುತ್ತಿದ್ದವು, ನಾನು ಅದನ್ನೇ ಹೇಳುತ್ತಿದ್ದೆ, ಮತ್ತು ಆಗ ಈ ಪೋಸ್ಟ್ ಬರೆಯಲು ಕೂರುತ್ತಿದ್ದೆನೋ ಇಲ್ಲವೋ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಓದಿ.

ಎಕ್ಸೆಲ್ ಫೈಲಿನ ಹೆಸರು ಅವನು ಇನ್ನೂ ಬದಲಿಸಿಲ್ಲ. ಮೊನ್ನೆ 44 ಬಂದ ದಿನ ರಾತ್ರಿ ಮತ್ತೆ ಮೆಸೇಜ್: "47ರಿಂದ 44. ಆರು ತಿಂಗಳಿಗೆ ಮೂರು. ವರ್ಷಕ್ಕೆ ಆರು ಆಯ್ತಲ್ಲೋ?"